ನಾಲ್ಕು ಬೆರಳು ಕೆಳಗೆ

ನನ್ನ ಅಯಸ್ಕಾಂತವನ್ನು ಕಿತ್ತುಕೊಂಡ ದಿನವೇ ಇದು ಶುರುವಾಯಿತು ಎಂದು ಈಗ ಹೇಳಬಲ್ಲೆ. ಆಗ ಅಷ್ಟು ತಿಳಿಯಲಿಲ್ಲ. ಆಗ ಬರೀ ಬೇಜಾರಾಗಿತ್ತು.

ಲಾಳದ ಆಕಾರದ, ಕೆಂಪು ಬಣ್ಣ ಅರ್ಧ ಉದುರಿಹೋದ ಅಯಸ್ಕಾಂತ. ನಲವತ್ತು ವರ್ಷ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಮೊಳೆಗೆ ನೇತಾಡಿಕೊಂಡಿತ್ತು. ಗುಂಡುಸೂಜಿ ನೆಲಕ್ಕೆ ಬಿದ್ದರೆ, ಸೂಜಿಯ ಮೊನೆ ಮುರಿದು ಬಟ್ಟೆಯೊಳಗೆ ಉಳಿದರೆ, ನನ್ನ ಕಣ್ಣಿಗಿಂತ ಮೊದಲು ಅದಕ್ಕೆ ಸಿಗುತ್ತಿತ್ತು. ಹೊಲಿದು ಮುಗಿದ ಬಟ್ಟೆಯ ಮೇಲೆ ಅದನ್ನು ಒಮ್ಮೆ ಆಡಿಸದೆ ನಾನು ಮಡಿಸಿದವಳೇ ಅಲ್ಲ.

ಸ್ಕ್ಯಾನ್ ಸೆಂಟರಿನ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆಯ ಕೆಲಸಕ್ಕೆ ಸೇರಿದ ಮೂರನೆಯ ದಿನ ಮ್ಯಾನೇಜರ್ ಇಳಿದು ಬಂದ. ಕೆಲಸದವರು ಅವನನ್ನು ನಗುಮೊಗ ಎನ್ನುತ್ತಿದ್ದರು. ಬೈಯುವಾಗಲೂ ನಗು, ಕೆಲಸದಿಂದ ತೆಗೆಯುವಾಗಲೂ ನಗು.

"ಏನಮ್ಮ, ಈ ಬಿಲ್ಡಿಂಗಲ್ಲಿ ಮ್ಯಾಗ್ನೆಟ್ ಇಟ್ಕೊಂಡಿದೀರಾ? ಮೇಲಿರೋ ಎಂಆರ್‌ಐ ಮೆಷಿನ್ನೇ ಒಂದು ದೊಡ್ಡ ಮ್ಯಾಗ್ನೆಟ್. ಇದನ್ನ ಯಾರಾದ್ರೂ ಮರೆತು ಆ ರೂಮಿಗೆ ತಗೊಂಡು ಹೋದ್ರೆ ಗುಂಡಿನ ಥರ ಹಾರುತ್ತೆ."

"ನಾನು ಮೇಲೆ ಹೋಗೋದೇ ಇಲ್ವಲ್ಲ ಸರ್."

"ರೂಲ್ಸ್ ಅಂದ್ರೆ ರೂಲ್ಸ್ ಅಮ್ಮ."

ನಗುತ್ತಲೇ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.

ಕಾಯಿಲೆ ಬಂದವರು ಹೋಗುವ ಜಾಗವಲ್ಲ ಅದು. ಬರುವ ಮೊದಲೇ ಹೋಗುವ ಜಾಗ. ಚೆನ್ನಾಗಿ ಉಂಡು, ಚೆನ್ನಾಗಿ ನಡೆದು ಬಂದವರು ಒಂದು ಗಂಟೆ ಆ ಕೊಳವೆಯೊಳಗೆ ಮಲಗುತ್ತಾರೆ. ನೆತ್ತಿಯಿಂದ ಅಂಗಾಲಿನವರೆಗೆ ಮೈಯೊಳಗಿನದೆಲ್ಲ ಚಿತ್ರವಾಗುತ್ತದೆ. ಎಲ್ಲಾದರೂ ರೋಗ ಮೊಳಕೆಯೊಡೆದಿದ್ದರೆ ಈಗಲೇ ಸಿಕ್ಕಿಬೀಳುತ್ತದೆ ಎಂದು ಬಾಗಿಲಿನ ಫಲಕ ಹೇಳುತ್ತದೆ. ಚಿತ್ರ ಓದುವ ಡಾಕ್ಟರು ಈ ಕಟ್ಟಡಕ್ಕೆ ಕಾಲಿಟ್ಟವರೇ ಅಲ್ಲ. ಎಲ್ಲೋ ದೂರದ ಊರಿನ ಮನೆಯಲ್ಲಿ ಕುಳಿತು, ಕಂಪ್ಯೂಟರಿನಲ್ಲಿ ನೋಡಿ, ಬರೆದು ಕಳಿಸುತ್ತಾರೆ. ಇವರ ಚಿತ್ರ ಅವರಿಗೆ ಕಾಣುತ್ತದೆ, ಇವರು ತೊಟ್ಟ ಬಟ್ಟೆ ಕಾಣುವುದಿಲ್ಲ.

ಆ ಬಟ್ಟೆ ನನ್ನದು. ಹಿಂದೆ ಲಾಡಿ ಕಟ್ಟುವ ನೀಲಿ ಹತ್ತಿಯ ಗೌನು, ಮೂರು ಅಳತೆಯಲ್ಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳಿದ್ದಾಳೆ. ಬಂದವರ ಸಾಮಾನು ಇಡುವ ಪೆಟ್ಟಿಗೆಗಳ ಕೀಲಿಯೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದರಿಂದ ಎಲ್ಲರ ಬಾಯಲ್ಲೂ ಅವಳು ಕೀಲಿ. ಬಂದವರ ಉಂಗುರ, ಓಲೆ, ಬೆಲ್ಟು, ಜಡೆಯೊಳಗಿನ ಕ್ಲಿಪ್ಪು, ಒಳ ಅಂಗಿಯ ಕೊಂಡಿ, ಎಲ್ಲ ತೆಗೆಸುವುದು ಅವಳ ಕೆಲಸ. ಅಷ್ಟು ತೆಗೆಸಿ ನಮ್ಮ ಗೌನು ತೊಡಿಸುತ್ತಾಳೆ. ಅವರು ತಂದದ್ದನ್ನೆಲ್ಲ ತಡವಿ ನೋಡಿದರು. ನಾವು ಕೊಟ್ಟದ್ದನ್ನು ಮಾತ್ರ ಯಾರೂ ತಡವಲಿಲ್ಲ.

ನಾಲ್ಕು ತಿಂಗಳ ಹಿಂದೆ ದೊಡ್ಡ ಅಳತೆಯ ಗೌನುಗಳು ಲಾಂಡ್ರಿಯಿಂದ ಸರಿಯಾಗಿ ವಾಪಸು ಬರುವುದು ನಿಂತಿತು.

"ದೊಡ್ಡವೇ ಯಾಕೆ ಕಳೀತವೆ ದೊಡ್ಡಮ್ಮ? ಲಾಂಡ್ರಿಯವರು ಮನೆ ಕಿಟಕಿಗೆಲ್ಲ ಕರ್ಟನ್ ಹಾಕ್ಕೊಂಡಿರ್ಬೇಕು," ಎಂದು ಕೀಲಿ ನಗುತ್ತಿದ್ದಳು.

ನಗುಮೊಗ ಒಂದು ದಾರದ ರೀಲು ತಂದುಕೊಟ್ಟ. ಮುಚ್ಚಿಹೋದ ಯಾವುದೋ ಯೂನಿಫಾರ್ಮ್ ಕಾರ್ಖಾನೆಯದಂತೆ. ಎಷ್ಟು ಕುದಿಸಿದರೂ ಅಳಿಯುವುದಿಲ್ಲವಂತೆ. ದೊಡ್ಡ ಗೌನಿಗೆಲ್ಲ ಅದರಲ್ಲಿ ನಂಬರು ಹೊಲಿಯಬೇಕು. ಯಾರಿಗೆ ಯಾವ ನಂಬರು ಕೊಟ್ಟೆ ಎಂದು ಕೀಲಿ ಹೆಸರು, ವಿಳಾಸ ಸಮೇತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ದಾರ ಬೂದು ಬಣ್ಣ, ಸ್ವಲ್ಪ ಹೊಳಪು, ಸ್ವಲ್ಪ ಬಿರುಸು. ಎಳೆಯುವಾಗ ಬೆರಳಿಗೆ ಗೀರು ಬೀಳುತ್ತಿತ್ತು. ಗಟ್ಟಿ ದಾರ ಎಂದುಕೊಂಡೆ. ಅಯಸ್ಕಾಂತ ಇದ್ದಿದ್ದರೆ ಮೊದಲ ಗೌನಿಗೇ ಗೊತ್ತಾಗುತ್ತಿತ್ತು. ಇರಲಿಲ್ಲ. ಅರವತ್ತು ಗೌನಿಗೆ ಅರವತ್ತು ನಂಬರು ಹೊಲಿದೆ, ದಪ್ಪಗೆ, ಒಂದರ ಮೇಲೊಂದು ಮೂರು ಸಲ ದಾರ ಓಡಿಸಿ. ನಂಬರು ಹೊರಗೆ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಒಳಮಗ್ಗುಲಿಗೆ, ಎಡಗಡೆ, ಬಗಲಿನ ಹೊಲಿಗೆಯಿಂದ ನಾಲ್ಕು ಬೆರಳು ಕೆಳಗೆ. ಇಂಥದ್ದಕ್ಕೆ ನಾನು ಟೇಪು ಹಿಡಿಯುವುದಿಲ್ಲ. ಕೈಯೇ ಸಾಕು.

ಇನ್ನು ನನ್ನ ತಂಗಿಯ ವಿಷಯ.

ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಐವತ್ತೊಂಬತ್ತು ವರ್ಷ. ದುಂಡು ಮೈ, ದುಂಡು ಮುಖ. ಎಲ್ಲರಿಗೂ ಅವಳು ಬನ್ನು. ಎಡಗೈಯವಳು. ಮೆಷಿನ್ನು ನಾದಿದ ಹಿಟ್ಟನ್ನು ಕೊನೆಗೆ ಅವಳು ಎಡಗೈಯಲ್ಲಿ ಒಂದು ಹದಕ್ಕೆ ತರುತ್ತಾಳೆ. ಆ ಕೈ ಇಲ್ಲದೆ ಆ ಬೇಕರಿಯ ಬ್ರೆಡ್ಡಿಗೆ ಆ ಹೆಸರಿಲ್ಲ, ಅವಳಿಗೂ ಬದುಕಿನಲ್ಲಿ ಬೇರೆ ಹೆಮ್ಮೆಯಿಲ್ಲ. ಬೇಕರಿ ಯಜಮಾನ ಕೆಲಸದವರಿಗೆಲ್ಲ ಇಡೀ ಮೈಯ ಸ್ಕ್ಯಾನ್ ಉಡುಗೊರೆ ಕೊಟ್ಟ. ಇವಳೂ ನಗುತ್ತಾ ನಮ್ಮ ಸೆಂಟರಿಗೆ ಬಂದು, ಕೊಳವೆಯೊಳಗೆ ನಿದ್ದೆ ಹೊಡೆದು, ನಗುತ್ತಾ ಹೋದಳು.

ವಾರದ ಮೇಲೆ ಕಾಗದ ಬಂತು. ಎಡ ಪಕ್ಕೆಯ ಹತ್ತಿರ ಒಂದು ಕಪ್ಪು ನೆರಳು. ಏನೆಂದು ಹೇಳಲಾಗದು, ಕಡೆಗಣಿಸಲೂ ಆಗದು. ಮತ್ತೆ ಕರೆದು ಇನ್ನೊಮ್ಮೆ ಮಲಗಿಸಿದರು. ಅದೇ ಜಾಗ, ಅದೇ ನೆರಳು. ಆಸ್ಪತ್ರೆಯಲ್ಲಿ ಜೆಲ್ಲು ಹಚ್ಚಿ ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಏನೂ ಕಾಣಲಿಲ್ಲ, ಸೂಜಿ ಚುಚ್ಚಿ ತೆಗೆದರೆ ಏನೂ ಸಿಗಲಿಲ್ಲ. ಅಷ್ಟಕ್ಕೆ ಬಿಡಬಾರದಿತ್ತೇ? ಇಲ್ಲ. ಎರಡು ಸಲ ಚಿತ್ರದಲ್ಲಿ ಬಂದದ್ದು ಸೂಜಿಗೆ ತಪ್ಪಿಸಿಕೊಂಡಿದೆ, ತೆರೆದೇ ನೋಡಬೇಕು ಎಂದಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಗಬಹುದು, ಆಮೇಲೆ ಎಡಗೈ ಊದಿಕೊಳ್ಳಬಹುದು, ಭಾರ ಎತ್ತುವ ಕೆಲಸ ಬಿಡಬೇಕಾಗುತ್ತದೆ ಎಂದರು. ಗುರುವಾರ ಬೆಳಿಗ್ಗೆ ಆಪರೇಷನ್.

ಅದರ ಹಿಂದಿನ ಭಾನುವಾರ ನಾನು ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಒಂದು ಜಾಗ ಖಾಲಿಯಿತ್ತು. ಹದಿನೇಳು ವರ್ಷದಿಂದ ಅವಳು ದಿನಾ ಹಿಟ್ಟು ಹಾಕಿ ಸಾಕಿಕೊಂಡು ಬಂದ, ಬ್ರೆಡ್ಡು ಉಬ್ಬಿಸುವ ಹುದುಗಿನ ಜಾಡಿ ಅಲ್ಲಿರುತ್ತಿತ್ತು.

"ಜಾಡಿ ಎಲ್ಲೇ?"

"ಕೊಟ್ಬಿಟ್ಟೆ. ಬೇಕರಿಯಲ್ಲಿ ಹೊಸದಾಗಿ ಬಂದಿದಾಳಲ್ಲ, ಅವಳಿಗೆ. ಇನ್ನು ನನಗ್ಯಾಕೆ?"

ಅವಳು ಚಹಾ ಕಾಯಿಸಿ ಲೋಟ ಮುಂದಿಟ್ಟಳು.

"ನೋವಿದ್ರೆ ಒಂದು ಲೆಕ್ಕ ಅಕ್ಕ. ನೋವಿಲ್ಲ, ಗಂಟಿಲ್ಲ, ಏನೂ ಇಲ್ಲ. ಮೂರು ವಾರದಿಂದ ಎಡಮಗ್ಗುಲಿಗೆ ಮಲಗೋಕೆ ಹೆದರಿಕೆ. ಒಳಗೆ ಯಾರೋ ಬಾಡಿಗೆಗೆ ಬಂದಿದಾರೆ, ಅವರಿಗೆ ತೊಂದರೆ ಆಗಬಾರ್ದು ಅನ್ನೋ ಹಾಗೆ."

"ಸರಿಯಾಗಿ ಎಲ್ಲಿ ಅಂತ ಹೇಳಿದ್ರು?"

ಅವಳು ಎಡಗೈ ಎತ್ತಿ, ಬಲಗೈಯ ನಾಲ್ಕು ಬೆರಳು ಜೋಡಿಸಿ ಕಂಕುಳಿನ ಕೆಳಗೆ ಇಟ್ಟು, ಕಿರುಬೆರಳಿನ ಕೆಳಗಿನ ಜಾಗ ತೋರಿಸಿದಳು. "ಇಲ್ಲಿ. ನಾಲ್ಕು ಬೆರಳು ಕೆಳಗೆ."

ನಮ್ಮಿಬ್ಬರದೂ ಅಮ್ಮನ ಕೈ. ಅವೇ ಮೋಟು ಬೆರಳು, ಅದೇ ಅಗಲ. ಆ ಕೈಯನ್ನು ನೋಡಿದ ಕೂಡಲೇ ನನಗೆ ನಂಬರು ಹೊಲಿಯುವಾಗಿನ ನನ್ನದೇ ಕೈ ಕಂಡಿತು.

"ಒಳಗೆ ಮಲಗಿದ್ದಾಗ ಅಲ್ಲಿ ಏನಾದ್ರೂ ಆಯ್ತೇನೇ?"

"ಸ್ವಲ್ಪ ಬಿಸಿಬಿಸಿ ಆಯ್ತು. ಕೇಳಿದ್ದಕ್ಕೆ, ದಪ್ಪಗಿರೋರಿಗೆ ಹಾಗಾಗುತ್ತೆ, ಬೆವರು ಅಂದ್ರು."

ನನ್ನ ಕೈಚೀಲದ ಹಿಡಿ ಕಿತ್ತುಹೋಗಿತ್ತು. ಉಳಿದ ಆ ಬೂದು ದಾರದಲ್ಲಿಯೇ ಹೊಲಿದುಕೊಂಡಿದ್ದೆ. ಫ್ರಿಜ್ಜಿನ ಬಾಗಿಲಿಗೆ ಅವಳ ಕೆಲಸದ ಪಾಳಿಯ ಚೀಟಿಯನ್ನು ಒಂದು ನಿಂಬೆಹಣ್ಣಿನ ಆಕಾರದ ಅಯಸ್ಕಾಂತ ಹಿಡಿದುಕೊಂಡಿತ್ತು. ಅದನ್ನು ತೆಗೆದು ಚೀಲದ ಹೊಲಿಗೆಗೆ ಹಿಡಿದೆ. ಹೊಲಿಗೆಯೇ ಎದ್ದು ಬಂದು ಅಂಟಿಕೊಂಡಿತು. ಚೀಲ ಎತ್ತಿದರೆ ನಿಂಬೆಹಣ್ಣು ಅದಕ್ಕೇ ನೇತಾಡುತ್ತಿತ್ತು.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ದಾರದೊಳಗೆ ಕೂದಲಿಗಿಂತ ತೆಳ್ಳಗಿನ ಉಕ್ಕಿನ ಎಳೆ ಇದೆ; ಅದು ಮೈಗೆ ಒತ್ತಿಕೊಂಡಿದ್ದ ಕಡೆ ಆ ಮೆಷಿನ್ನಿನ ಚಿತ್ರ ಕೆಟ್ಟು ಕಪ್ಪಾಗಿದೆ; ಎರಡು ಸಲವೂ ಅವಳು ತೊಟ್ಟದ್ದು ದೊಡ್ಡ ಗೌನು. ಅವಳು ಕೇಳುತ್ತಾ ಕೇಳುತ್ತಾ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು.

"ಅಂದ್ರೆ ನನ್ನೊಳಗೆ ಇರೋದು ನಿನ್ನ ಹೊಲಿಗೆ."

"ಒಳಗೆ ಏನೂ ಇಲ್ಲ ಕಣೇ. ಹೊರಗಿತ್ತು."

"ಮೂರು ವಾರ, ಅಕ್ಕ. ಮೂರು ವಾರ ನಾನು ಕೂತಲ್ಲಿ ಸತ್ತೆ, ನಿಂತಲ್ಲಿ ಸತ್ತೆ. ಜಾಡಿ ಕೊಟ್ಟೆ. ಯಾವ ಸೀರೆ ಯಾರಿಗೆ ಅಂತ ಚೀಟಿ ಬರೆದಿಟ್ಟೆ. ಒಂದು ನಂಬರ್‌ಗೆ?" ಅವಳ ಧ್ವನಿ ಏರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ. "ನೀನು ಯಾವತ್ತೂ ಒಂದು ಗುಂಡಿ ತಪ್ಪು ಹಾಕಿದೋಳಲ್ಲ. ನನಗೇ ಬೇಕಿತ್ತಾ ಇದು?"

ಬೈಯಲಿ ಎಂದು ಕೂತಿದ್ದೆ. ಬೈದಳು. ಆಮೇಲೆ ಅವಳೇ ಕೇಳಿದಳು:

"ದೊಡ್ಡ ಗೌನು ಹಾಕ್ಕೊಂಡೋರು ನಾನೊಬ್ಬಳೇನಾ?"

ಸೋಮವಾರ ಕೀಲಿಯ ಕೋಣೆಯಲ್ಲಿ ಪುಸ್ತಕ ಬಿಚ್ಚಿ ಕೂತೆವು. ನಾಲ್ಕು ತಿಂಗಳಲ್ಲಿ ಎಡಪಕ್ಕೆಯ ನೆರಳಿಗೆಂದು ಎರಡನೇ ಸಲ ಕರೆಸಿದವರು ಇಪ್ಪತ್ತಮೂರು ಜನ. ಇಪ್ಪತ್ತಮೂರು ಹೆಸರಿನ ಮುಂದೆಯೂ ಗೌನಿನ ನಂಬರು ಇತ್ತು. ಸಣ್ಣ ಅಳತೆಯವರು ಒಬ್ಬರಿಲ್ಲ, ನಡು ಅಳತೆಯವರು ಒಬ್ಬರಿಲ್ಲ.

"ದಪ್ಪಗಿರೋರ ಕಾಯಿಲೆ ಅಂತಾನೇ ಇಲ್ಲಿ ಎಲ್ಲರೂ ಅಂತಿದ್ರು ದೊಡ್ಡಮ್ಮ," ಎಂದಳು ಕೀಲಿ. "ನಾನು ಸಂಜೆ ಊಟ ಬಿಟ್ಟಿದೀನಿ, ಗೊತ್ತಾ? ಸಣ್ಣ ಆಗೋಕೆ." ನಗಲು ನೋಡಿದಳು, ಬರಲಿಲ್ಲ. ಪುಟದ ಮೇಲೆ ಬೆರಳಿಟ್ಟು, "ಇವರು ನೋಡಿ," ಎಂದಳು.

ಬಸ್ ಡ್ರೈವರ್. ಅವನನ್ನು ನೋಡದವರಿಲ್ಲ. ಮುಂಬಾಗಿಲಿನ ಗೋಡೆಯ ಮೇಲೆ ಅವನ ಫೋಟೋ, ಗಾಜು ಹಾಕಿಸಿ ತೂಗುಹಾಕಿದ್ದಾರೆ. ಕೆಳಗೆ ಅವನದೇ ಕೈಬರಹ: ಇವರು ಸಮಯಕ್ಕೆ ನೋಡಿದ್ದರಿಂದ ನನ್ನ ಜೀವ ಉಳಿಯಿತು. ಎರಡು ತಿಂಗಳ ಹಿಂದೆ ಅವನಿಗೆ ಆಪರೇಷನ್ ಆಗಿತ್ತು. ಗೌನಿನ ನಂಬರು ಹತ್ತೊಂಬತ್ತು.

ನಾನು ತಂಗಿ ತೊಟ್ಟಿದ್ದ ಎರಡು ಗೌನು ಹುಡುಕಿ ತೆಗೆದುಕೊಂಡು ಮ್ಯಾನೇಜರಿನ ಕೋಣೆಗೆ ಹೋದೆ. ಮೇಜಿನ ಮೇಲೆ ನನ್ನ ಅಯಸ್ಕಾಂತ ಇತ್ತು. ಕಾಗದಕ್ಕೆ ಹಾಕುವ ಕ್ಲಿಪ್ಪುಗಳನ್ನೆಲ್ಲ ಅದರ ಬಾಯಿಗೆ ಅಂಟಿಸಿ ಇಟ್ಟುಕೊಂಡಿದ್ದ. ಈ ಕಟ್ಟಡದಲ್ಲಿ ಇರಬಾರದ ವಸ್ತು.

ಕೇಳದೆ ಕೈಗೆತ್ತಿಕೊಂಡೆ. ಕ್ಲಿಪ್ಪು ಒಂದೊಂದಾಗಿ ಬಿಡಿಸಿ ಅವನ ಮುಂದೆ ಹಾಕಿದೆ. ಗೌನಿನ ಒಳಮಗ್ಗುಲು ತಿರುವಿ ನಂಬರಿಗೆ ಹಿಡಿದೆ. ಟಕ್ ಎಂದಿತು. ಗೌನನ್ನು ಕೈಬಿಟ್ಟೆ, ಅಯಸ್ಕಾಂತಕ್ಕೆ ಕಚ್ಚಿಕೊಂಡು ಅದು ಹಾಗೇ ನೇತಾಡಿತು.

ಅವನ ನಗು ಅರ್ಧಕ್ಕೆ ನಿಂತು ಮತ್ತೆ ಬಂತು. ದಡ್ಡನಲ್ಲ, ಹೇಳದೆಯೇ ಅರ್ಥವಾಯಿತು. ಎದ್ದು ಬಾಗಿಲು ಹಾಕಿದ.

"ಯಾರಿಗಾದ್ರೂ ಹೇಳಿದೀರಾ?"

"ನನ್ನ ತಂಗಿಗೆ ಗುರುವಾರ ಕೊಯ್ತಾರೆ ಸರ್. ಆ ಚಿತ್ರ ತಪ್ಪು ಅಂತ ಆಸ್ಪತ್ರೆಗೆ ಒಂದು ಸಾಲು ಬರೆದುಕೊಡಿ. ಈಗಲೇ."

"ಮುಂದಿನ ವಾರ ಅವರನ್ನ ಕರ್ಕೊಂಡು ಬನ್ನಿ. ಫ್ರೀಯಾಗಿ ಇನ್ನೊಂದು ಸ್ಕ್ಯಾನ್ ಮಾಡೋಣ."

"ಗುರುವಾರ ಮುಂದಿನ ವಾರಕ್ಕಿಂತ ಮೊದಲು ಬರುತ್ತೆ."

"ಅಮ್ಮ, ಸ್ವಲ್ಪ ತಾಳ್ಮೆ. ಒಬ್ಬರಿಗೆ ಬರೆದುಕೊಟ್ರೆ ಅದು ಒಬ್ಬರಿಗೇ ನಿಲ್ಲಲ್ಲ. ಇಲ್ಲಿ ನಲವತ್ತು ಜನ ಕೆಲಸ ಮಾಡ್ತಾರೆ, ನೀವೂ ಸೇರಿ." ಮುಂದಕ್ಕೆ ಬಾಗಿದ. "ಇವತ್ತು ಸಂಜೆಯೊಳಗೆ ಎಲ್ಲ ಗೌನಿಂದ ನಂಬರ್ ಬಿಚ್ಚಿಬಿಡಿ. ದಾರ ನನಗೆ ತಂದುಕೊಡಿ. ಇಲ್ಲಿಗೆ ಮುಗೀಲಿ. ಯಾಕಂದ್ರೆ, ಯೋಚನೆ ಮಾಡಿ, ಹೊಲಿದಿದ್ದು ಯಾರು?"

ನನ್ನನ್ನು ಎಲ್ಲರೂ ತಾಳ್ಮೆಯವಳು ಎನ್ನುತ್ತಾರೆ. ಹೌದು. ತಪ್ಪು ಹೊಲಿಗೆ ಬಿಚ್ಚುವಾಗ ಬಟ್ಟೆ ಹರಿಯಬಾರದೆಂದು ಒಂದೊಂದೇ ಕಣ್ಣು ಬಿಡಿಸುತ್ತಾ ಅರ್ಧ ದಿನ ಕೂರಬಲ್ಲೆ. ಆದರೆ ಆ ಹೊತ್ತಿಗೆ ನನ್ನ ಕಿವಿಯ ತನಕ ಬಿಸಿ ಏರಿತ್ತು.

"ಹೊಲಿದಿದ್ದು ನಾನು," ಎಂದೆ. "ದಾರ ತಂದಿದ್ದು ನೀವು. ಮ್ಯಾಗ್ನೆಟ್ ಕಿತ್ತುಕೊಂಡಿದ್ದೂ ನೀವು. ಜೆಲ್ಲು ಹಾಕಿ ನೋಡಿದ್ರೆ ಇಲ್ಲ, ಸೂಜಿಗೆ ಇಲ್ಲ, ನಿಮ್ಮ ಮೆಷಿನ್ನಿಗೆ ಮಾತ್ರ ಇದೆ ಅಂದಾಗ ಯಾರಿಗೂ ಅನುಮಾನ ಬರಲಿಲ್ಲ. ಇಪ್ಪತ್ತಮೂರು ಜನ, ಒಂದೇ ಪಕ್ಕೆ, ಒಂದೇ ಜಾಗ. ಎರಡನೇ ಸಲ ಕರೆದಾಗ ಗಲ್ಲಾ ತುಂಬ್ತಿತ್ತಲ್ಲ, ಅದಕ್ಕೇ ಯಾರೂ ಕೇಳಲಿಲ್ಲ. ನನ್ನ ತಪ್ಪು ನಾನು ಹೇಳ್ಕೋತೀನಿ. ನಿಮ್ಮದನ್ನ ಇಟ್ಕೊಂಡು ನೀವು ನಗ್ತಾ ಕೂತ್ಕೊಳ್ಳಿ."

"ಗೌನು ಇಲ್ಲೇ ಬಿಟ್ಟು ಹೋಗಿ ಅಮ್ಮ. ಅದು ಸೆಂಟರಿನ ಆಸ್ತಿ."

"ಮ್ಯಾಗ್ನೆಟ್ ನಂದು," ಎಂದೆ. "ಅದಕ್ಕೆ ಅಂಟಿಕೊಂಡು ಬರೋದಕ್ಕೆ ನಾನೇನು ಮಾಡ್ಲಿ?"

ಹೊರಗೆ ಕೀಲಿ ನಿಂತಿದ್ದಳು. ಪುಸ್ತಕವನ್ನು ಒಂದು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು. "ಕಳೆದುಹೋಯ್ತು ಅಂತೀನಿ. ಇಲ್ಲಿ ದೊಡ್ಡ ದೊಡ್ಡ ಗೌನೇ ಕಳೀತವೆ," ಎಂದಳು.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಡಾಕ್ಟರಮ್ಮನ ಬಾಗಿಲ ಮುಂದೆ ಕೂತೆ. ಸರದಿಯ ಚೀಟಿ ಇಲ್ಲದೆ ಬಿಡುವುದಿಲ್ಲ ಎಂದ ಗುಮಾಸ್ತ. ಹಾಗಾದರೆ ಬಿಡುವ ತನಕ ಕೂರುತ್ತೇನೆ ಎಂದೆ. ಮಧ್ಯಾಹ್ನ ಊಟಕ್ಕೆಂದು ಹೊರಬಂದ ಆಕೆ ನನ್ನ ತೊಡೆಯ ಮೇಲಿನ ನೀಲಿ ಗೌನು ನೋಡಿ ನಿಂತರು. ನಾನು ಎದ್ದು ಏನೂ ಹೇಳದೆ ಅಯಸ್ಕಾಂತ ಹಿಡಿದು ತೋರಿಸಿದೆ. ಆಮೇಲೆ ಹೇಳಿದೆ.

ಅವರು ಊಟಕ್ಕೆ ಹೋಗಲಿಲ್ಲ. ಒಳಗೆ ಕರೆದು ತಂಗಿಯ ಎರಡೂ ಚಿತ್ರ ತೆರೆದರು. ಬಹಳ ಹೊತ್ತು ನೋಡಿದರು.

"ಎರಡು ಸಲವೂ ಆ ಸೆಂಟರಿನದೇ ಗೌನಾ?"

"ಎರಡು ಸಲವೂ. ನಂಬರ್ ಮೂವತ್ತೊಂದು, ನಂಬರ್ ಎಂಟು. ಪುಸ್ತಕದಲ್ಲಿದೆ."

ಪೆನ್ನು ತೆಗೆದು ಗುರುವಾರದ ಪಟ್ಟಿಯಲ್ಲಿ ತಂಗಿಯ ಹೆಸರಿನ ಮೇಲೆ ಗೆರೆ ಎಳೆದರು. ಮರುದಿನವೇ ಆ ಆಸ್ಪತ್ರೆಯ ಮೆಷಿನ್ನಿನಲ್ಲಿ, ಬರೀ ಒಂದು ಬಿಳಿ ದುಪ್ಪಟಿ ಹೊದಿಸಿ, ಅವಳನ್ನು ಮಲಗಿಸಿದರು. ನೆರಳೂ ಇಲ್ಲ, ಗಿರಳೂ ಇಲ್ಲ.

ಆದರೆ ಮಂಗಳವಾರ ನಾನು ಏಳುವ ಮೊದಲು ಡಾಕ್ಟರಮ್ಮ ಪುಸ್ತಕದ ಪುಟ ತಿರುವಿ ಒಂದು ಹೆಸರಿನ ಹತ್ತಿರ ನಿಂತರು.

"ಈ ಡ್ರೈವರ್ ನನ್ನ ಪೇಷಂಟು," ಎಂದರು. "ಒಳಗೆ ಏನೂ ಸಿಕ್ಕಿರಲಿಲ್ಲ. ಕಂಕುಳಿನಿಂದ ತೆಗೆದ ಗ್ರಂಥಿಗಳೂ ಚೆನ್ನಾಗೇ ಇದ್ದವು. ಒಳ್ಳೇ ಸುದ್ದಿ ಅಂತ ಹೇಳಿದ್ದೆ ಅವರಿಗೆ. ನನ್ನ ಕೈ ಹಿಡ್ಕೊಂಡು ಅತ್ತಿದ್ರು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಅವರಿಗೆ ಫೋನ್ ಮಾಡ್ತೀನಿ."

"ಫೋನ್ ಬೇಡ," ಎಂದೆ. "ಹೊಲಿದೋಳು ನಾನು. ನಾನೇ ಹೋಗ್ತೀನಿ. ನೀವು ನಿಮ್ಮದನ್ನ ಆಮೇಲೆ ಹೇಳಿ."

ಅಂದೇ ಮಧ್ಯಾಹ್ನದಿಂದ ಕೆಲಸ ಇರಲಿಲ್ಲ; ನಗುಮೊಗ ನಗುತ್ತಲೇ ಫೋನು ಮಾಡಿ ತಿಳಿಸಿದ. ಒಳ್ಳೆಯದಾಯಿತು, ಬರೆಯಲು ಪುರುಸೊತ್ತು ಸಿಕ್ಕಿತು. ತಂಗಿಯ ಅಡುಗೆಮನೆಯ ಮೇಜಿನ ಮುಂದೆ ಕೂತು ಇಪ್ಪತ್ತೊಂದು ಕಾಗದ ಬರೆದೆ. ಎಲ್ಲದರಲ್ಲೂ ಅದೇ ಮಾತು. ನಿಮ್ಮ ಎಡಪಕ್ಕೆಯ ನೆರಳು ನಾನು ಹೊಲಿದ ನಂಬರು. ದಾರದಲ್ಲಿ ಉಕ್ಕಿತ್ತು. ನನಗೆ ಗೊತ್ತಿರಲಿಲ್ಲ, ನೋಡಬೇಕಿತ್ತು, ನೋಡಲಿಲ್ಲ. ಸೆಂಟರಿಗೆ ಸೋಮವಾರ ಗೊತ್ತಾಗಿದೆ, ಅವರು ನಿಮಗೆ ಹೇಳುವುದಿಲ್ಲ. ಈ ಕಾಗದವನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಕೆಳಗೆ ನನ್ನ ಸಹಿ, ನನ್ನ ವಿಳಾಸ. ಬರೆಯುವಾಗ ಪೆನ್ನು ಒತ್ತಿ ಒತ್ತಿ ಕಾಗದದ ಹಿಂಬದಿಗೆ ಅಕ್ಷರ ಮೂಡುತ್ತಿತ್ತು.

ತಂಗಿ ಎದುರಿಗೆ ಕೂತು ಎಡಗೈಯಲ್ಲಿ ಕಾಗದ ಮಡಿಸಿ ಲಕೋಟೆಗೆ ಹಾಕಿದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಜಾಡಿ ವಾಪಸು ಬಂದಿತ್ತು. ಹೊಸಬಳು ಹಿಟ್ಟು ಹಾಕುವುದು ಮರೆತು ಹುದುಗು ಸೊರಗಿತ್ತು. ಅದಕ್ಕೂ ನನ್ನನ್ನೇ ಬೈದಳು. ಬೈಸಿಕೊಂಡೆ.

"ಇಪ್ಪತ್ತೊಂದೇ ಇದೆ," ಎಂದಳು ಎಣಿಸಿ. "ನನ್ನ ಬಿಟ್ರೆ ಇಪ್ಪತ್ತೆರಡು ಆಗ್ಬೇಕಲ್ಲ."

"ಡ್ರೈವರ್‌ದು ಬರೆದಿಲ್ಲ. ಅವನ ಮನೆಗೆ ಹೋಗ್ತೀನಿ."

ಅವಳು ಕೊನೆಯ ಲಕೋಟೆ ಅಂಟಿಸಿ ಎದ್ದಳು. "ಇರು, ಚಪ್ಪಲಿ ಹಾಕ್ಕೋತೀನಿ."

"ನೀನ್ಯಾಕೆ?"

"ನೀನು ಕೈಯಲ್ಲಿ ಗೌನು ಹಿಡ್ಕೊಂಡು ನಿಂತ್ರೆ ಅವನಿಗೇನು ಅರ್ಥ ಆಗುತ್ತೆ? ನನ್ನ ಕೈ ನೋಡಿದ್ರೆ ಅರ್ಥ ಆಗುತ್ತೆ."

ಮೂರನೇ ಮಹಡಿ. ಬಾಗಿಲ ಹೊರಗೆ ಬಸ್ ಡ್ರೈವರ್‌ಗಳು ಹಾಕುವ ದಪ್ಪ ಅಟ್ಟೆಯ ಬೂಟು, ಮೇಲೆಲ್ಲ ಧೂಳು. ಗಂಟೆ ಒತ್ತಿದವಳು ತಂಗಿ, ಎಡಗೈಯಲ್ಲಿ. ಬಾಗಿಲು ತೆರೆದವನು ಫೋಟೋದಲ್ಲಿ ಇದ್ದದ್ದಕ್ಕಿಂತ ಇಳಿದುಹೋಗಿದ್ದ. ಬಲಗೈಯಲ್ಲಿ ಬಾಗಿಲು ಹಿಡಿದಿದ್ದ. ಎಡಗೈಯನ್ನು ಬೆರಳಿನಿಂದ ಭುಜದವರೆಗೆ ಬಿಗಿಯಾದ ಪಟ್ಟಿಯಲ್ಲಿ ಸುತ್ತಿ ಎದೆಗೆ ಒರಗಿಸಿಕೊಂಡಿದ್ದ. ನನ್ನ ಕೈಯಲ್ಲಿದ್ದ ನೀಲಿ ಗೌನಿನ ಗುರುತು ಸಿಕ್ಕಿ ಮುಖ ಅರಳಿತು.

"ಸ್ಕ್ಯಾನ್ ಸೆಂಟರಿನವರಾ? ಬನ್ನಿ ಬನ್ನಿ, ಒಳಗೆ ಬನ್ನಿ," ಎಂದ. "ನಿಮ್ಮ ಋಣ ನಾನು ಹೇಗೆ ತೀರಿಸ್ಲಿ ಹೇಳಿ."

ನಾನು ಹೊಸಿಲು ದಾಟಲಿಲ್ಲ.

"ಮೊದಲು ನಾನು ಹೇಳೋದು ಕೇಳಿ," ಎಂದೆ. "ಆಮೇಲೆ ಒಳಗೆ ಕರೀಬೇಕೋ ಬೇಡ್ವೋ ನೀವೇ ಹೇಳಿ."